ಗವರ್ನರ್ ಅಭ್ಯರ್ಥಿಗಳ ಭರವಸೆಗಳನ್ನು ಹೋಲಿಸುವುದು ಹೇಗೆ? ನ್ಯೂಜೆರ್ಸಿಯ ಶೆರಿಲ್–ಚಿಟರೆಲ್ಲಿ ಸ್ಪರ್ಧೆಯ ಆಧಾರದಲ್ಲಿ ಒಂದು ಮಾರ್ಗದರ್ಶಿ

2026ರ ನವೆಂಬರ್ 3 ಅಮೆರಿಕದ 36 ರಾಜ್ಯಗಳಲ್ಲಿ ಗವರ್ನರ್ ಆಯ್ಕೆಯ ದಿನ. ಕ್ಯಾಲಿಫೋರ್ನಿಯಾ, ಟೆಕ್ಸಸ್, ಜಾರ್ಜಿಯಾ, ಇಲಿನಾಯ್, ಮಿಶಿಗನ್, ಮ್ಯಾಸಚೂಸೆಟ್ಸ್ ಹೀಗೆ ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಹಲವು ರಾಜ್ಯಗಳು ಆ ಪಟ್ಟಿಯಲ್ಲಿವೆ. ಮತದಾನಕ್ಕೆ ತಿಂಗಳುಗಳಿರುವಾಗಲೇ ಅಂಚೆಪೆಟ್ಟಿಗೆಯಲ್ಲಿ ಬಣ್ಣದ ಕರಪತ್ರಗಳು ತುಂಬಿಕೊಳ್ಳುತ್ತವೆ. ಎಲ್ಲದರಲ್ಲೂ ಒಂದೇ ಧಾಟಿ: ಮೊದಲ ದಿನವೇ ಕರೆಂಟ್ ದರ ಇಳಿಸುತ್ತೇನೆ, ಆಸ್ತಿ ತೆರಿಗೆಗೆ ಕಡಿವಾಣ ಹಾಕುತ್ತೇನೆ, ಶಾಲೆ ಸರಿಪಡಿಸುತ್ತೇನೆ.

ಇಬ್ಬರ ಭರವಸೆಗಳನ್ನು ಅಕ್ಕಪಕ್ಕ ಇಟ್ಟು ಯಾವುದು ಇಷ್ಟವಾಯಿತೆಂದು ನೋಡಿದರೆ ಹೋಲಿಕೆ ಆದಂತಲ್ಲ. ಪ್ರತಿ ಭರವಸೆಗೂ ಮೊದಲು ಒಂದು ಪ್ರಶ್ನೆ ಹಾಕಬೇಕು: ಇದನ್ನು ಮಾಡುವ ಅಧಿಕಾರ ಗವರ್ನರ್ ಕೈಯಲ್ಲಿದೆಯೇ, ಇದ್ದರೆ ಎಷ್ಟು? ಈ ಪ್ರಶ್ನೆ ಹಾಕಿದ ಕೂಡಲೇ ದೊಡ್ಡ ಮಾತುಗಳು ಚಿಕ್ಕದಾಗುತ್ತವೆ, ಯಾರೂ ಗಮನಿಸದ ಕೆಲವು ಮಾತುಗಳು ದೊಡ್ಡದಾಗುತ್ತವೆ. ಇದನ್ನು ತೋರಿಸಲು 2025ರ ನವೆಂಬರ್ 4ರಂದು ಮುಗಿದ ನ್ಯೂಜೆರ್ಸಿಯ ಚುನಾವಣೆಯನ್ನು ಆರಿಸಿಕೊಂಡಿದ್ದೇವೆ. ಎಡಿಸನ್, ಪ್ಲೇನ್ಸ್‌ಬರೊ, ಸೌತ್ ಬ್ರನ್ಸ್‌ವಿಕ್ ಕಡೆಯ ಕನ್ನಡದ ಮನೆಗಳಲ್ಲಿ ತಿಂಗಳುಗಟ್ಟಲೆ ಚರ್ಚೆಯಾದ ಸ್ಪರ್ಧೆ ಅದು. ಡೆಮಾಕ್ರಟಿಕ್ ಪಕ್ಷದ ಮೈಕಿ ಶೆರಿಲ್ ನೌಕಾಪಡೆಯಲ್ಲಿ ಹೆಲಿಕಾಪ್ಟರ್ ಪೈಲಟ್ ಆಗಿದ್ದವರು, ಆಮೇಲೆ ಕಾಂಗ್ರೆಸ್ ಸದಸ್ಯೆ. ರಿಪಬ್ಲಿಕನ್ ಪಕ್ಷದ ಜ್ಯಾಕ್ ಚಿಟರೆಲ್ಲಿ ಲೆಕ್ಕಪರಿಶೋಧಕರು, ರಾಜ್ಯ ಅಸೆಂಬ್ಲಿಯ ಮಾಜಿ ಸದಸ್ಯರು, 2021ರಲ್ಲಿ ಆಗಿನ ಗವರ್ನರ್ ಫಿಲ್ ಮರ್ಫಿ ಎದುರು ಸುಮಾರು ಮೂರು ಶೇಕಡಾ ಅಂಕಗಳಿಂದ ಸೋತಿದ್ದವರು. ಈ ಸಲ ಶೆರಿಲ್ ಸುಮಾರು 14 ಅಂಕಗಳ ಅಂತರದಲ್ಲಿ ಗೆದ್ದರು.

ಈ ಗವರ್ನರ್ ನಮ್ಮ ರಾಜ್ಯಪಾಲರಲ್ಲ

ಊರಿನಲ್ಲಿ ಗವರ್ನರ್ ಎಂದರೆ ರಾಜಭವನ ನೆನಪಾಗುತ್ತದೆ, ಕೇಂದ್ರ ಸರ್ಕಾರದ ಸಲಹೆಯಂತೆ ನೇಮಕವಾದವರು ಕಣ್ಣಮುಂದೆ ಬರುತ್ತಾರೆ. ಅಮೆರಿಕದ ಗವರ್ನರ್ ಜನರಿಂದ ನೇರವಾಗಿ ಆಯ್ಕೆಯಾಗುವವರು, ಕೆಲಸದಲ್ಲಿ ಮುಖ್ಯಮಂತ್ರಿಗೆ ಹತ್ತಿರ. ಒಂದು ವ್ಯತ್ಯಾಸ ಮುಖ್ಯ. ಮುಖ್ಯಮಂತ್ರಿಗೆ ವಿಧಾನಸಭೆಯಲ್ಲಿ ಬಹುಮತ ಇದ್ದೇ ಇರುತ್ತದೆ. ಇಲ್ಲಿ ಗವರ್ನರ್ ಒಂದು ಪಕ್ಷ, ಶಾಸಕಾಂಗ ಇನ್ನೊಂದು ಪಕ್ಷ ಆಗಬಹುದು. ಹಾಗಾದಾಗ ಗವರ್ನರ್ ಕೊಟ್ಟ ಮಾತಿನ ಅರ್ಧದಷ್ಟು ಶಾಸಕಾಂಗದಲ್ಲೇ ನಿಂತುಬಿಡುತ್ತದೆ.

ಅಧಿಕಾರವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. 1947ರ ಸಂವಿಧಾನದ ಪ್ರಕಾರ ನ್ಯೂಜೆರ್ಸಿಯ ಗವರ್ನರ್ ದೇಶದಲ್ಲೇ ಬಲಶಾಲಿಗಳ ಸಾಲಿಗೆ ಸೇರುತ್ತಾರೆ. ರಾಜ್ಯವ್ಯಾಪಿಯಾಗಿ ಆಯ್ಕೆಯಾಗುವ ರಾಜ್ಯಾಡಳಿತದವರು ಗವರ್ನರ್ ಮತ್ತು ಅವರ ಜೊತೆಗೇ ನಿಲ್ಲುವ ಲೆಫ್ಟಿನೆಂಟ್ ಗವರ್ನರ್, ಇಬ್ಬರೇ. ಅಟಾರ್ನಿ ಜನರಲ್, ಕೌಂಟಿಗಳ ಪ್ರಾಸಿಕ್ಯೂಟರ್‌ಗಳು, ನ್ಯಾಯಾಧೀಶರು, ಇಲಾಖೆಗಳ ಮುಖ್ಯಸ್ಥರು ಹೆಚ್ಚುಕಡಿಮೆ ಎಲ್ಲರೂ ಗವರ್ನರ್ ಹೆಸರಿಸಿ ರಾಜ್ಯದ ಸೆನೆಟ್ ಒಪ್ಪುವವರು. ಬಜೆಟ್ಟಿನಲ್ಲಿ ಬೇಡದ ಸಾಲನ್ನು ಗವರ್ನರ್ ಹೊಡೆದುಹಾಕಬಹುದು, ಹೊಸ ಸಾಲು ಸೇರಿಸುವಂತಿಲ್ಲ. ಮಸೂದೆಯನ್ನು ತಿದ್ದುಪಡಿ ಸೂಚಿಸಿ ವಾಪಸ್ ಕಳಿಸುವ ಷರತ್ತಿನ ವೀಟೊ ಕೂಡ ಇದೆ. ವೀಟೊ ಮೀರಲು 40 ಸದಸ್ಯರ ಸೆನೆಟ್‌ನಲ್ಲಿ 27, 80 ಸದಸ್ಯರ ಅಸೆಂಬ್ಲಿಯಲ್ಲಿ 54 ಮತ ಬೇಕು.

ಒಂದು ಭರವಸೆ ಈಡೇರಲು ಬೇಕಾದುದು ಸಾಮಾನ್ಯವಾಗಿ ಇವುಗಳಲ್ಲಿ ಒಂದು: ಗವರ್ನರ್ ಸಹಿಯೊಂದೇ ಸಾಕು, ಗವರ್ನರ್ ನೇಮಿಸಿದವರ ತೀರ್ಮಾನ ಬೇಕು, ಶಾಸಕಾಂಗದ ಮತ ಬೇಕು, ರಾಜ್ಯ ಸಂವಿಧಾನದ ತಿದ್ದುಪಡಿ ಬೇಕು, ಅಥವಾ ವಿಷಯವೇ ರಾಜ್ಯದ ಹೊರಗಿನದು. ಕರಪತ್ರ ಕೈಗೆ ಬಂದಾಗ ಪ್ರತಿ ಭರವಸೆಯ ಪಕ್ಕ ಇದನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ.

ಕರೆಂಟ್ ಬಿಲ್: ಫ್ರೀಜ್ ಎಂದರೆ ಏನನ್ನು ನಿಲ್ಲಿಸುವುದು?

2025ರ ಜೂನ್ 1ರಿಂದ ನ್ಯೂಜೆರ್ಸಿಯ ಮನೆಗಳ ಕರೆಂಟ್ ಬಿಲ್ ಸುಮಾರು 17ರಿಂದ 20 ಶೇಕಡಾ ಏರಿತು. ತಿಂಗಳಿಗೆ 150 ಡಾಲರ್ ಕಟ್ಟುತ್ತಿದ್ದ ಮನೆಗೆ 25ರಿಂದ 30 ಡಾಲರ್ ಹೆಚ್ಚು ಎಂದರ್ಥ. ಇಡೀ ಚುನಾವಣೆ ಈ ಬಿಲ್ಲಿನ ಮೇಲೆಯೇ ನಡೆಯಿತು ಎನ್ನಬಹುದು. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಶೆರಿಲ್ ಹೇಳಿದ್ದು: ಅಧಿಕಾರಕ್ಕೆ ಬಂದ ದಿನವೇ ವಿದ್ಯುತ್ ದರದ ವಿಷಯದಲ್ಲಿ ತುರ್ತುಪರಿಸ್ಥಿತಿ ಘೋಷಿಸಿ ದರವನ್ನು ಫ್ರೀಜ್ ಮಾಡುತ್ತೇನೆ. ಚಿಟರೆಲ್ಲಿ ಹೇಳಿದ್ದು: ವಿದ್ಯುತ್ ಸ್ಥಾವರಗಳು ಹೊರಬಿಡುವ ಇಂಗಾಲಕ್ಕೆ ಪರವಾನಗಿಯನ್ನು ಹರಾಜಿನಲ್ಲಿ ಮಾರುವ ಈಶಾನ್ಯ ರಾಜ್ಯಗಳ ಒಕ್ಕೂಟದಿಂದ, ಅಂದರೆ ಎಲ್ಲರೂ ರೆಜಿ ಎಂದು ಕರೆಯುವ ವ್ಯವಸ್ಥೆಯಿಂದ ಹೊರಬರುತ್ತೇನೆ, ಕಡಲ ಗಾಳಿ ವಿದ್ಯುತ್ ಯೋಜನೆ ನಿಲ್ಲಿಸುತ್ತೇನೆ, ನೈಸರ್ಗಿಕ ಅನಿಲ ಮತ್ತು ಅಣುವಿದ್ಯುತ್ ಹೆಚ್ಚಿಸುತ್ತೇನೆ.

ಈಗ ಬಿಲ್ಲನ್ನೇ ತೆರೆಯಿರಿ. ಅದರಲ್ಲಿ ಮುಖ್ಯವಾಗಿ ಎರಡು ಭಾಗ: ಸಪ್ಲೈ ಮತ್ತು ಡೆಲಿವರಿ. ಸಪ್ಲೈ ಎಂದರೆ ವಿದ್ಯುತ್ತಿನದೇ ಬೆಲೆ. ತಂತಿ, ಕಂಬ, ಮೀಟರಿನ ಖರ್ಚು ಡೆಲಿವರಿ ಭಾಗ. ಅದರ ದರವನ್ನು ಬಿಪಿಯು ಎಂಬ ಐದು ಸದಸ್ಯರ ಮಂಡಳಿ ತೀರ್ಮಾನಿಸುತ್ತದೆ. ಸದಸ್ಯರನ್ನು ನೇಮಿಸುವವರು ಗವರ್ನರ್, ಒಪ್ಪುವುದು ಸೆನೆಟ್, ಅವಧಿ ಆರು ವರ್ಷ. ಆದರೆ ಜೂನ್‌ನಲ್ಲಿ ಏರಿದ್ದು ಮುಖ್ಯವಾಗಿ ಸಪ್ಲೈ ಭಾಗ. 1999ರ ಕಾನೂನಿನ ನಂತರ ನ್ಯೂಜೆರ್ಸಿಯ ವಿತರಣಾ ಕಂಪನಿಗಳು ಉತ್ಪಾದನೆಯಿಂದ ಬೇರೆಯಾದವು. ಅವು ಪ್ರತಿ ಫೆಬ್ರವರಿಯಲ್ಲಿ ಹರಾಜಿನ ಮೂಲಕ ಮನೆಗಳಿಗೆ ಬೇಕಾದ ವಿದ್ಯುತ್ತಿನ ಮೂರನೇ ಒಂದು ಭಾಗವನ್ನು ಮೂರು ವರ್ಷಕ್ಕೆ ಖರೀದಿಸುತ್ತವೆ. ಆ ಬೆಲೆ ಜೂನ್ 1ರಿಂದ ಬಿಲ್ಲಿಗೆ ಬರುತ್ತದೆ. ಅಂದರೆ ಯಾವುದೇ ವರ್ಷದ ಬಿಲ್ಲಿನಲ್ಲಿ ಮೂರು ಬೇರೆ ಬೇರೆ ವರ್ಷಗಳ ಖರೀದಿ ಕಲೆತಿರುತ್ತದೆ. ಬೆಲೆ ಒಮ್ಮೆ ಏರಿದರೆ ಅದರ ಬಿಸಿ ಮೂರು ವರ್ಷ ಆರದಿರುವುದೂ ಇದರಿಂದಲೇ.

ಆ ಹರಾಜಿನ ಬೆಲೆ ಏರಿದ್ದಕ್ಕೆ ಮೂಲ ರಾಜ್ಯದ ಹೊರಗಿದೆ. 13 ರಾಜ್ಯಗಳು ಮತ್ತು ವಾಷಿಂಗ್ಟನ್ ನಗರಕ್ಕೆ ಸೇರಿದ ಗ್ರಿಡ್ಡನ್ನು ನಡೆಸುವ ಸಂಸ್ಥೆ ಪಿಜೆಎಂ. ಬೇಡಿಕೆ ಉತ್ತುಂಗಕ್ಕೇರಿದ ದಿನ ವಿದ್ಯುತ್ ಒದಗಿಸಲು ಸಿದ್ಧವಾಗಿರಬೇಕು ಎಂದು ಉತ್ಪಾದಕರಿಗೆ ಅದು ಮುಂಗಡವಾಗಿ ಒಂದು ಬೆಲೆ ಗೊತ್ತುಮಾಡುತ್ತದೆ. ಆ ಕೆಪ್ಯಾಸಿಟಿ ಬೆಲೆ ಪಿಜೆಎಂ ನಡೆಸಿದ 2024ರ ಜುಲೈ ಹರಾಜಿನಲ್ಲಿ ಒಂದು ಮೆಗಾವಾಟಿಗೆ ದಿನಕ್ಕೆ 28.92 ಡಾಲರಿನಿಂದ 269.92 ಡಾಲರಿಗೆ ಜಿಗಿಯಿತು, ಒಂಬತ್ತು ಪಟ್ಟಿಗೂ ಹೆಚ್ಚು. ಡೇಟಾ ಸೆಂಟರುಗಳ ಹಸಿವು ಒಂದು ಕಡೆ, ಹಳೆ ಸ್ಥಾವರಗಳು ಮುಚ್ಚುತ್ತಿರುವುದು ಇನ್ನೊಂದು ಕಡೆ, ಹೊಸವು ಗ್ರಿಡ್ ಸಂಪರ್ಕಕ್ಕಾಗಿ ವರ್ಷಗಟ್ಟಲೆ ಸರದಿಯಲ್ಲಿ ನಿಂತಿರುವುದು ಮತ್ತೊಂದು ಕಡೆ. ಮುಂದಿನ ಹರಾಜಿನಲ್ಲಿ ಬೆಲೆ 329.17ಕ್ಕೆ ಹೋಗಿ ಅಲ್ಲಿ ಮಿತಿಗೆ ತಾಗಿ ನಿಂತಿತು. ಪಿಜೆಎಂ ಉತ್ತರಿಸುವುದು ಫೆಡರಲ್ ನಿಯಂತ್ರಕರಿಗೆ, ಯಾವುದೇ ಗವರ್ನರ್‌ಗಲ್ಲ.

ಈ ಚಿತ್ರ ಮುಂದಿಟ್ಟುಕೊಂಡು ಇಬ್ಬರನ್ನೂ ಅಳೆಯಿರಿ. ಶೆರಿಲ್ ಅವರ ‘ಫ್ರೀಜ್’ ಕೇಳಲು ಬಲವಾದ ಮಾತು. ಆದರೆ ಸಪ್ಲೈ ಒಪ್ಪಂದಗಳು ಆಗಲೇ ಸಹಿಯಾಗಿವೆ, ಮಾರಿದವರಿಗೆ ಹಣ ಕೊಡಲೇಬೇಕು. ಬಿಲ್ಲಿನ ಅಂಕಿ ನಿಲ್ಲಿಸಿದರೆ ವ್ಯತ್ಯಾಸದ ಹಣ ಬೇರೆ ಯಾವುದೋ ನಿಧಿಯಿಂದ ಬರಬೇಕು, ಇಲ್ಲವೇ ಮುಂದಿನ ವರ್ಷದ ಬಿಲ್ಲಿಗೆ ಬಡ್ಡಿ ಸಮೇತ ಸೇರಬೇಕು. ಡೆಲಿವರಿ ದರವನ್ನು ತೀರಾ ಹಿಡಿದಿಟ್ಟರೆ, ಹಾಕಿದ ಬಂಡವಾಳಕ್ಕೆ ನ್ಯಾಯವಾದ ಪ್ರತಿಫಲ ಸಿಗುತ್ತಿಲ್ಲವೆಂದು ಕಂಪನಿಗಳು ಕೋರ್ಟಿಗೆ ಹೋಗಲು ದಾರಿಯಿದೆ. ಮುಂದೆ ಆಗಿದ್ದೂ ಇದಕ್ಕೆ ತಕ್ಕಂತೆಯೇ ಇದೆ: 2026ರ ಜನವರಿ 20ರಂದು ಪ್ರಮಾಣವಚನ ಸ್ವೀಕರಿಸಿದ ದಿನ ಶೆರಿಲ್ ಸಹಿ ಹಾಕಿದ ಮೊದಲ ಆದೇಶಗಳು ಕರೆಂಟ್ ಕುರಿತಾದವೇ, ಆದರೆ ಅಲ್ಲಿ ಕೇಂದ್ರದಲ್ಲಿದ್ದ ಸಾಧನ ಬಿಲ್ಲಿಗೆ ಕೊಡುವ ಕ್ರೆಡಿಟ್. ದರ ನಿಲ್ಲಿಸುವುದು ಒಂದು, ಏರಿದ ದರಕ್ಕೆ ಎದುರಾಗಿ ಹಣ ವಾಪಸ್ ಕೊಡುವುದು ಇನ್ನೊಂದು. ಮನೆಯವರ ಕೈಗೆ ಸಿಗುವ ಮೊತ್ತ ಒಂದೇ ಆಗಿರಬಹುದು, ಆದರೆ ಕ್ರೆಡಿಟ್ ನಿಧಿ ಮುಗಿದ ದಿನ ನಿಲ್ಲುತ್ತದೆ.

ಚಿಟರೆಲ್ಲಿ ಅವರ ರೆಜಿ ಭರವಸೆಯ ಕಥೆ ತಲೆಕೆಳಗು. ಮಾಡುವ ಅಧಿಕಾರ ಹೆಚ್ಚುಕಡಿಮೆ ಗವರ್ನರ್ ಕೈಯಲ್ಲೇ ಇದೆ, ಸಿಗುವ ಫಲ ಚಿಕ್ಕದು. 2011ರಲ್ಲಿ ಆಗಿನ ಗವರ್ನರ್ ಕ್ರಿಸ್ ಕ್ರಿಸ್ಟಿ ರಾಜ್ಯವನ್ನು ರೆಜಿಯಿಂದ ಹೊರತಂದರು, 2020ರಲ್ಲಿ ಮರ್ಫಿ ಮತ್ತೆ ಒಳಸೇರಿಸಿದರು. ಎರಡೂ ಗವರ್ನರ್ ಕಚೇರಿಯಿಂದ ಹೊರಟ ತೀರ್ಮಾನಗಳು. ಆದರೂ ಸಹಿಯೊಂದೇ ಸಾಲದು. ಸಾರ್ವಜನಿಕ ನೋಟಿಸ್ ಮತ್ತು ಅಭಿಪ್ರಾಯ ಸಂಗ್ರಹದ ಕ್ರಮ ಪಾಲಿಸದೆ ನಿಯಮ ಬಿಟ್ಟುಕೊಟ್ಟಿದ್ದು ತಪ್ಪು ಎಂದು 2014ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಕ್ರಿಸ್ಟಿ ಆಡಳಿತಕ್ಕೆ ಹೇಳಿತು. ವರ್ಜೀನಿಯಾದಲ್ಲಿ ಆಗಿನ ಗವರ್ನರ್ ಗ್ಲೆನ್ ಯಂಗ್‌ಕಿನ್ ಹೊರಬಂದ ರೀತಿಯೂ 2024ರಲ್ಲಿ ಕೋರ್ಟಿನಲ್ಲಿ ಕಾನೂನುಬಾಹಿರ ಎನಿಸಿಕೊಂಡಿತು. ಇನ್ನು ಫಲ: ಬಿಲ್ಲಿನಲ್ಲಿ ರೆಜಿಯ ಪಾಲು ಕೆಪ್ಯಾಸಿಟಿ ಬೆಲೆಯ ಜಿಗಿತದ ಮುಂದೆ ಸಣ್ಣದು, ಹೊರಬಂದರೆ ಇಂಗಾಲದ ಹರಾಜಿನಿಂದ ರಾಜ್ಯಕ್ಕೆ ಬರುವ ಹಣವೂ ನಿಲ್ಲುತ್ತದೆ. ಕಡಲ ಗಾಳಿಯ ವಿಷಯವಂತೂ ಚುನಾವಣೆಗೆ ಮುಂಚೆಯೇ ತಣ್ಣಗಾಗಿತ್ತು: ಆರ್ಸ್ಟೆಡ್ ಕಂಪನಿ ತನ್ನ ಎರಡು ಓಷನ್ ವಿಂಡ್ ಯೋಜನೆಗಳನ್ನು 2023ರ ಅಕ್ಟೋಬರ್ ಕೊನೆಯಲ್ಲೇ ಕೈಬಿಟ್ಟಿತ್ತು. ಕಟ್ಟದೇ ಇರುವ ಗೋಪುರಗಳನ್ನು ನಿಲ್ಲಿಸಿದರೆ ಈ ತಿಂಗಳ ಬಿಲ್ ಇಳಿಯುವುದಿಲ್ಲ.

ಹೊಸ ಅನಿಲ ಸ್ಥಾವರ, ಹೊಸ ಅಣುಸ್ಥಾವರದ ಮಾತು ದೀರ್ಘಕಾಲಕ್ಕೆ ಅರ್ಥವುಳ್ಳದ್ದು. ನಾಲ್ಕು ವರ್ಷದ ಅವಧಿಯೊಳಗೆ ಮನೆಬಿಲ್ಲಿಗೆ ತಟ್ಟುವುದು ಕಷ್ಟ. ಸೌರಫಲಕ ಮತ್ತು ಬ್ಯಾಟರಿ ಬೇಗ ನಿಲ್ಲಿಸಬಹುದು, ಆದರೆ ಚಳಿಗಾಲದ ಸಂಜೆ ಆರು ಗಂಟೆಯ ಬೇಡಿಕೆಗೆ ಅವು ಎಷ್ಟು ಬೇಕೆನ್ನುವುದು ಬೇರೆ ಲೆಕ್ಕ.

ಹಾಗಾದರೆ ಈ ವಿಷಯದಲ್ಲಿ ಗವರ್ನರ್ ಏನೂ ಮಾಡಲಾರರೇ? ಮಾಡಬಲ್ಲರು, ಆದರೆ ಕರಪತ್ರದಲ್ಲಿ ಕಾಣದ ಜಾಗದಲ್ಲಿ. ಪೆನ್ಸಿಲ್ವೇನಿಯಾದ ಗವರ್ನರ್ ಜಾಶ್ ಶಪಿರೊ 2024ರ ಡಿಸೆಂಬರಿನಲ್ಲಿ ಪಿಜೆಎಂ ವಿರುದ್ಧ ಫೆಡರಲ್ ನಿಯಂತ್ರಕರ ಮುಂದೆ ದೂರು ಹಾಕಿದರು, ತಿಂಗಳೊಳಗೆ ಒಪ್ಪಂದವಾಗಿ ಮುಂದಿನ ಎರಡು ಹರಾಜುಗಳಿಗೆ ಬೆಲೆಮಿತಿ ಬಂತು. ಮೇಲೆ ಹೇಳಿದ 329.17ರ ಮಿತಿ ಅದರ ಫಲ. ಹಾಗಾಗಿ ಕರೆಂಟ್ ವಿಷಯದಲ್ಲಿ ಅಭ್ಯರ್ಥಿಯನ್ನು ಕೇಳಬೇಕಾದುದು ಎರಡು: ಬಿಪಿಯುಗೆ ಎಂಥವರನ್ನು ನೇಮಿಸುತ್ತೀರಿ? ಪಿಜೆಎಂ ಎದುರು ಬೇರೆ ರಾಜ್ಯಗಳ ಜೊತೆ ಸೇರಿ ಏನು ಕೇಳುತ್ತೀರಿ?

ಆಸ್ತಿ ತೆರಿಗೆ: ಶೇಕಡಾವಾರು ಮಿತಿಯ ಒಳಸುಳಿ

ನ್ಯೂಜೆರ್ಸಿಯಲ್ಲಿ ಮನೆಯೊಂದರ ಸರಾಸರಿ ಆಸ್ತಿ ತೆರಿಗೆ 2024ರಲ್ಲಿ ವರ್ಷಕ್ಕೆ 10,000 ಡಾಲರ್ ದಾಟಿತು. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹೋಗುವುದು ಶಾಲೆಗೆ, ಉಳಿದದ್ದು ಊರಿನ ಆಡಳಿತಕ್ಕೆ ಮತ್ತು ಕೌಂಟಿಗೆ. ಈ ತೆರಿಗೆಯನ್ನು ವಿಧಿಸುವವರು ಗವರ್ನರ್ ಅಲ್ಲವೇ ಅಲ್ಲ. 2010ರ ಕಾನೂನಿನ ಪ್ರಕಾರ ಊರು ಅಥವಾ ಶಾಲಾ ಜಿಲ್ಲೆ (ಒಂದು ಅಥವಾ ಕೆಲವು ಊರುಗಳ ಶಾಲೆಗಳನ್ನು ನಡೆಸುವ ಘಟಕ) ಒಟ್ಟು ವಸೂಲಿಯನ್ನು ವರ್ಷಕ್ಕೆ 2 ಶೇಕಡಾಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಸಾಲದ ಕಂತು, ಪಿಂಚಣಿ, ಆರೋಗ್ಯ ವಿಮೆಯ ಏರಿಕೆಗೆ ವಿನಾಯಿತಿ ಇರುವುದರಿಂದ ಬಿಲ್ ಅದಕ್ಕಿಂತ ಹೆಚ್ಚು ಏರುವುದುಂಟು.

ಚಿಟರೆಲ್ಲಿ ಇದಕ್ಕೆ ಬೇರೆ ಮಾದರಿಯ ಮಿತಿ ಮುಂದಿಟ್ಟರು: ತೆರಿಗೆ ಮನೆಯ ಅಸೆಸ್ಡ್ ಮೌಲ್ಯದ, ಅಂದರೆ ತೆರಿಗೆಗಾಗಿ ಊರಿನ ದಾಖಲೆಯಲ್ಲಿ ಬರೆದ ಮೌಲ್ಯದ ಇಂತಿಷ್ಟು ಶೇಕಡಾ ಮೀರಬಾರದು. ಕೇಳಲು ಸರಳ. ಎರಡು ಊರು ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ. ಇಲ್ಲಿನ ಅಂಕಿಗಳು ಉದಾಹರಣೆಗಾಗಿ ಹಾಕಿಕೊಂಡವು.

ಎರಡೂ ಊರಲ್ಲಿ ಮಾರುಕಟ್ಟೆಯಲ್ಲಿ 6,00,000 ಡಾಲರ್ ಬೆಲೆಯ ಒಂದೊಂದು ಮನೆ. ಮೊದಲ ಊರು ಈಚೆಗೆ ಮರುಮೌಲ್ಯಮಾಪನ ಮಾಡಿಸಿದೆ, ಹಾಗಾಗಿ ಅಸೆಸ್ಡ್ ಮೌಲ್ಯವೂ 6,00,000, ದರ 2 ಶೇಕಡಾ, ತೆರಿಗೆ 12,000. ಎರಡನೆಯ ಊರು ದಶಕಗಳಿಂದ ಮಾಡಿಸಿಲ್ಲ, ದಾಖಲೆಯಲ್ಲಿ ಮನೆಯ ಮೌಲ್ಯ 2,40,000, ದರ 5 ಶೇಕಡಾ, ತೆರಿಗೆ ಅದೇ 12,000. ಈಗ ಅಸೆಸ್ಡ್ ಮೌಲ್ಯದ 1.5 ಶೇಕಡಾ ಮಿತಿ ಹಾಕಿ. ಮೊದಲ ಮನೆಯ ತೆರಿಗೆ 9,000 ಆಗುತ್ತದೆ, ಎರಡನೆಯದರದ್ದು 3,600. ಒಂದೇ ಬೆಲೆಯ ಮನೆ, ಒಂದೇ ತೆರಿಗೆ ಕಟ್ಟುತ್ತಿದ್ದವರು. ಕಾಗದ ಹಳೆಯದಾಗಿದ್ದ ಊರಿನವರಿಗೆ ಭಾರಿ ಲಾಭ, ಆ ಊರಿನ ಶಾಲೆಗೆ ಮನೆಯೊಂದಕ್ಕೆ ಸಾವಿರಾರು ಡಾಲರ್ ಖೋತಾ. ಮಿತಿಯನ್ನು ಮಾರುಕಟ್ಟೆ ಮೌಲ್ಯಕ್ಕೆ ಹೊಂದಿಸದೆ ಜಾರಿಗೆ ತಂದರೆ ಕೆಡುವುದು ಹೀಗೆ.

ಇಂಥ ಮಿತಿಗೆ ಹಳೆಯ ಮಾದರಿ ಕ್ಯಾಲಿಫೋರ್ನಿಯಾದಲ್ಲಿದೆ. 1978ರ ಪ್ರಾಪೊಸಿಷನ್ 13 ಮೂಲ ತೆರಿಗೆಯನ್ನು ಮೌಲ್ಯದ 1 ಶೇಕಡಾಕ್ಕೆ ಕಟ್ಟಿಹಾಕಿತು, ಮೌಲ್ಯವನ್ನು ಖರೀದಿ ಬೆಲೆಯಿಂದ ಲೆಕ್ಕ ಹಾಕಿ ವರ್ಷಕ್ಕೆ ಗರಿಷ್ಠ 2 ಶೇಕಡಾ ಏರಿಕೆ ಎಂದಿತು. ಫ್ರೀಮಾಂಟಿನಲ್ಲೋ ಸನ್ನಿವೇಲಿನಲ್ಲೋ ಈಚೆಗೆ ಮನೆ ಕೊಂಡ ಕನ್ನಡಿಗರಿಗೆ ಇದು ಚೆನ್ನಾಗಿ ಗೊತ್ತು: ಪಕ್ಕದ ಮನೆಯಲ್ಲಿ ನಲವತ್ತು ವರ್ಷದಿಂದಿರುವವರು ಕಟ್ಟುವುದರ ಹಲವು ಪಟ್ಟು ಇವರು ಕಟ್ಟುತ್ತಾರೆ.

ಇನ್ನು ಅಧಿಕಾರದ ಪ್ರಶ್ನೆ. ಆಸ್ತಿಗಳನ್ನೆಲ್ಲ ಒಂದೇ ಅಳತೆಗೋಲಿನಿಂದ ಅಳೆಯಬೇಕೆಂದು ನ್ಯೂಜೆರ್ಸಿ ಸಂವಿಧಾನವೇ ಹೇಳುತ್ತದೆ. ಅದಕ್ಕೆ ತಾಗುವ ಯಾವುದೇ ಮಿತಿಗೆ ತಿದ್ದುಪಡಿ ಬೇಕಾಗಬಹುದು. ತಿದ್ದುಪಡಿಗೆ ಎರಡೂ ಸದನಗಳಲ್ಲಿ ಐದನೇ ಮೂರು ಭಾಗದ ಮತ, ಇಲ್ಲವೇ ಸತತ ಎರಡು ವರ್ಷ ಸಾಮಾನ್ಯ ಬಹುಮತ, ಆಮೇಲೆ ಜನರ ಮತ. ರಿಪಬ್ಲಿಕನ್ ಗವರ್ನರ್ ಬಂದಿದ್ದರೂ ಡೆಮಾಕ್ರಟಿಕ್ ಶಾಸಕಾಂಗದಲ್ಲಿ ಇದು ದಾಟುವುದು ಬಹಳ ಕಷ್ಟವಿತ್ತು.

ಶೆರಿಲ್ ಕಡೆಯಿಂದ ತೆರಿಗೆಯ ರಚನೆಗೇ ಕೈಹಾಕುವ ಮಾತು ಕಡಿಮೆ. ಇದ್ದ ಪರಿಹಾರ ಯೋಜನೆಗಳನ್ನು ಮುಂದುವರಿಸುವುದು, ಊರುಗಳು ಸೇವೆಗಳನ್ನು ಹಂಚಿಕೊಳ್ಳುವಂತೆ ಮಾಡುವುದು, ಚಿಕ್ಕ ಶಾಲಾ ಜಿಲ್ಲೆಗಳನ್ನು ಕೂಡಿಸುವುದು ಅವರ ದಾರಿ. ಇದರ ದೌರ್ಬಲ್ಯವೂ ಸ್ಪಷ್ಟ. 2025ರ ಚುನಾವಣೆಯ ಹೊತ್ತಿನ ನಿಯಮದಂತೆ ಸ್ಟೇ ಎನ್‌ಜೆ ಯೋಜನೆ 65 ದಾಟಿದವರಿಗೆ ಆಸ್ತಿ ತೆರಿಗೆಯ ಅರ್ಧವನ್ನು 6,500 ಡಾಲರಿನವರೆಗೆ ವಾಪಸ್ ಕೊಡುತ್ತಿತ್ತು, ಆ್ಯಂಕರ್ ಎಂಬ ಇನ್ನೊಂದು ಪರಿಹಾರ ಯೋಜನೆ ಬಾಡಿಗೆದಾರರನ್ನೂ ಒಳಗೊಂಡಿತ್ತು. ಆದರೆ ಇವೆಲ್ಲ ರಾಜ್ಯ ಬಜೆಟ್ಟಿನಿಂದ ಹೋಗುವ ಹಣ. 2026ರ ಹಣಕಾಸು ವರ್ಷದ ಸುಮಾರು 58.8 ಬಿಲಿಯನ್ ಡಾಲರ್ ಬಜೆಟ್ಟಿನಲ್ಲಿ ಶಾಲಾ ನೆರವು 12 ಬಿಲಿಯನ್ನಿನಷ್ಟು, ಪಿಂಚಣಿ 7 ಬಿಲಿಯನ್ನಿನಷ್ಟು. ಆದಾಯ ಕುಸಿದ ವರ್ಷ ಪರಿಹಾರಕ್ಕೇ ಮೊದಲು ಕತ್ತರಿ ಬೀಳುವ ಭಯ ಇದ್ದೇ ಇದೆ. ಪರಿಹಾರದಿಂದ ಮನೆಯವರ ಭಾರ ಇಳಿಯುತ್ತದೆ, ತೆರಿಗೆ ಇಳಿಯುವುದಿಲ್ಲ.

ಒಂದು ಎಚ್ಚರಿಕೆ ಎರಡೂ ಪಕ್ಷಕ್ಕೆ ಅನ್ವಯ. ನ್ಯೂಜೆರ್ಸಿಯ ಆದಾಯ ತೆರಿಗೆ 1976ರಲ್ಲಿ ಬಂತು. ಶಾಲೆಗಳಿಗೆ ಹಣ ಒದಗಿಸುವ ವಿವಾದದಲ್ಲಿ ಆ ಜುಲೈನಲ್ಲಿ ಕೋರ್ಟಿನ ಆದೇಶದಿಂದ ಶಾಲೆಗಳೇ ಕೆಲವು ದಿನ ಮುಚ್ಚಿದ್ದವು. ಆ ತೆರಿಗೆಯ ಹಣ ಸಂವಿಧಾನದ ಪ್ರಕಾರ ಆಸ್ತಿ ತೆರಿಗೆಯ ಪರಿಹಾರಕ್ಕೇ ಮೀಸಲು. ಹಾಗಾಗಿ ಒಬ್ಬ ಅಭ್ಯರ್ಥಿ ಆದಾಯ ತೆರಿಗೆಯನ್ನೂ ಕಡಿಮೆ ಮಾಡುತ್ತೇನೆ, ಆಸ್ತಿ ತೆರಿಗೆಯ ಪರಿಹಾರವನ್ನೂ ಹೆಚ್ಚಿಸುತ್ತೇನೆ ಎಂದರೆ ಒಂದೇ ಕೊಡದಿಂದ ಎರಡು ಕಡೆ ನೀರು ಹಂಚುತ್ತಿದ್ದಾರೆ. ಮೂರನೆಯ ಮೂಲ ಯಾವುದೆಂದು ಕೇಳಲೇಬೇಕು.

ಶಾಲೆಗಳು

ಒಂದು ಕೋಟಿಯೂ ಇಲ್ಲದ ಜನಸಂಖ್ಯೆಗೆ ನ್ಯೂಜೆರ್ಸಿಯಲ್ಲಿ ಸುಮಾರು 600 ಶಾಲಾ ಜಿಲ್ಲೆಗಳಿವೆ. ಕೆಲವು ಜಿಲ್ಲೆಗಳಲ್ಲಿ ಒಂದೇ ಶಾಲೆ. ಇವನ್ನು ಕೂಡಿಸೋಣ ಎಂಬ ಶೆರಿಲ್ ಮಾತು ಖರ್ಚಿನ ದೃಷ್ಟಿಯಿಂದ ಸರಿಯಾದದ್ದೇ, ರಾಜಕೀಯವಾಗಿ ಧೈರ್ಯದ್ದು. ಆದರೆ ಸೇರುವ ಪ್ರತಿ ಊರಿನ ಮತದಾರರು ಒಪ್ಪಬೇಕು. ಜಗಳ ಬರುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ: ಖರ್ಚನ್ನು ಮಕ್ಕಳ ಸಂಖ್ಯೆಯ ಲೆಕ್ಕದಲ್ಲಿ ಹಂಚಬೇಕೋ, ಆಸ್ತಿ ಮೌಲ್ಯದ ಲೆಕ್ಕದಲ್ಲೋ? ಮಕ್ಕಳು ಕಡಿಮೆ, ಮನೆಗಳು ದುಬಾರಿ ಇರುವ ಊರು ಎರಡನೆಯದಕ್ಕೆ ಒಪ್ಪುವುದಿಲ್ಲ.

ಚಿಟರೆಲ್ಲಿ ಬಯಸಿದ್ದು ರಾಜ್ಯವು ಶಾಲಾ ಜಿಲ್ಲೆಗಳಿಗೆ ಹಂಚುವ ನೆರವಿನ ಸೂತ್ರವನ್ನೇ ಹೊಸದಾಗಿ ಬರೆಯುವುದನ್ನು. 2008ರ ಸೂತ್ರಕ್ಕೆ 2018ರಲ್ಲಿ ಬಂದ ಬದಲಾವಣೆಯಿಂದ ಟಾಮ್ಸ್ ರಿವರ್‌ನಂಥ ಜಿಲ್ಲೆಗಳು ವರ್ಷವರ್ಷವೂ ನೆರವು ಕಳೆದುಕೊಂಡವು, ಅವುಗಳ ನೋವು ನಿಜ. ಆದರೆ ಬಡ ನಗರ ಜಿಲ್ಲೆಗಳ ಪರವಾಗಿ ಆ್ಯಬಟ್ ಮೊಕದ್ದಮೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ದಶಕಗಳ ಕಾಲ ಕೊಟ್ಟ ತೀರ್ಪುಗಳು ಹಾಗೇ ನಿಂತಿವೆ. ಶಾಸಕಾಂಗ ಒಪ್ಪಿದರೂ ಹೊಸ ಸೂತ್ರ ಆ ಕೋರ್ಟಿನ ಬಾಗಿಲು ದಾಟಲೇಬೇಕು. ಮಕ್ಕಳಿರುವ ಮನೆಯವರು ಇಲ್ಲಿ ನೋಡಬೇಕಾದ ಕಾಗದ ಒಂದೇ: ಗವರ್ನರ್ ಬಜೆಟ್ ಭಾಷಣ ಮಾಡಿದ ಕೆಲವೇ ದಿನಗಳಲ್ಲಿ ಪ್ರಕಟವಾಗುವ ಜಿಲ್ಲಾವಾರು ನೆರವಿನ ಪಟ್ಟಿ. ನಿಮ್ಮ ಜಿಲ್ಲೆಗೆ ಹಿಂದಿನ ಐದು ವರ್ಷ ಎಷ್ಟು ಬಂತೆಂದು ಅದರಲ್ಲಿ ಹೋಲಿಸಿದರೆ ಯಾವ ಸೂತ್ರದಿಂದ ನಿಮಗೆ ನಷ್ಟ ಎಂಬುದು ಗೊತ್ತಾಗುತ್ತದೆ.

ರೈಲು ಮತ್ತು ಸುರಂಗ

ನ್ಯೂಯಾರ್ಕಿಗೆ ದಿನವೂ ಹೋಗಿಬರುವವರಿಗೆ ಗವರ್ನರ್ ಆಯ್ಕೆ ಎಷ್ಟು ಮುಖ್ಯ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. 2010ರ ಅಕ್ಟೋಬರಿನಲ್ಲಿ ಕ್ರಿಸ್ಟಿ, ಹಡ್ಸನ್ ನದಿಯಡಿ ಹೊಸ ಸುರಂಗದ ಯೋಜನೆಯನ್ನು ವೆಚ್ಚ ಮೀರುತ್ತದೆ ಎಂದು ರದ್ದು ಮಾಡಿದರು. ಎರಡು ವರ್ಷದ ನಂತರ ಸ್ಯಾಂಡಿ ಚಂಡಮಾರುತದಲ್ಲಿ 1910ರ ಹಳೆ ಸುರಂಗಕ್ಕೆ ಉಪ್ಪುನೀರು ನುಗ್ಗಿತು, ಅದರ ಹಾನಿ ಇಂದಿಗೂ ರೈಲುಗಳನ್ನು ತಡೆಯುತ್ತಿದೆ. ಈಗಿನ 16 ಬಿಲಿಯನ್ ಡಾಲರಿನ ಹಡ್ಸನ್ ಸುರಂಗಕ್ಕೆ ಹೆಚ್ಚಿನ ಹಣ ಫೆಡರಲ್ ಸರ್ಕಾರದ್ದು. 2025ರ ಅಕ್ಟೋಬರಿನಲ್ಲಿ ಅಧ್ಯಕ್ಷ ಟ್ರಂಪ್ ಆ ಯೋಜನೆ ರದ್ದಾದಂತೆಯೇ ಎಂದು ಹೇಳಿದಾಗ ಶೆರಿಲ್ ಹೋರಾಡುತ್ತೇನೆ ಎಂದರು, ಟ್ರಂಪ್ ಬೆಂಬಲವಿದ್ದ ಚಿಟರೆಲ್ಲಿ, ಅಧ್ಯಕ್ಷರ ಜೊತೆ ಮಾತಾಡಿ ಸರಿಪಡಿಸುವುದೇ ದಾರಿ ಎಂಬ ನಿಲುವಿನಲ್ಲಿದ್ದರು. ಇವೆರಡೂ ಭರವಸೆಗಿಂತ ಹೆಚ್ಚಾಗಿ ವಾಷಿಂಗ್ಟನ್ ಜೊತೆ ನಡೆದುಕೊಳ್ಳುವ ರೀತಿ. ಇಲ್ಲಿ ಮತದಾರ ಆರಿಸಬೇಕಾದುದು ಅದನ್ನೇ.

ಹೆಚ್ಚಿನವರಿಗೆ ತಿಳಿಯದ ಒಂದು ಅಧಿಕಾರವೂ ಇದೆ. ರೈಲು-ಬಸ್ ಓಡಿಸುವ ಎನ್‌ಜೆ ಟ್ರಾನ್ಸಿಟ್, ಟೋಲ್ ಹೆದ್ದಾರಿ ನೋಡಿಕೊಳ್ಳುವ ಟರ್ನ್‌ಪೈಕ್ ಪ್ರಾಧಿಕಾರಗಳ ಮಂಡಳಿ ಸಭೆಯ ನಡಾವಳಿಯನ್ನೇ ಗವರ್ನರ್ ವೀಟೊ ಮಾಡಬಹುದು. ಟೋಲ್ ಅಥವಾ ಟಿಕೆಟ್ ದರ ಏರಿಸಿದ ತೀರ್ಮಾನ ಆ ನಡಾವಳಿಯಲ್ಲೇ ಇರುತ್ತದೆ. ಆದ್ದರಿಂದ ಟಿಕೆಟ್ ದರದ ಬಗ್ಗೆ ‘ಮಂಡಳಿ ಮಾಡಿದ್ದು, ನನ್ನ ಕೈಯಲ್ಲಿರಲಿಲ್ಲ’ ಎಂದು ಯಾವ ಗವರ್ನರ್ ಹೇಳಿದರೂ ನಂಬಬೇಡಿ.

ವಲಸೆ, ಗರ್ಭಪಾತ, ವೀಸಾ

ಸ್ಥಳೀಯ ಪೊಲೀಸರು ಫೆಡರಲ್ ವಲಸೆ ಅಧಿಕಾರಿಗಳಿಗೆ ಎಷ್ಟು ನೆರವಾಗಬಹುದು ಎಂಬುದನ್ನು 2025ರ ಚುನಾವಣೆಯ ಹೊತ್ತಿಗೆ ನ್ಯೂಜೆರ್ಸಿಯಲ್ಲಿ ತೀರ್ಮಾನಿಸುತ್ತಿದ್ದುದು 2018ರಲ್ಲಿ ಅಟಾರ್ನಿ ಜನರಲ್ ಹೊರಡಿಸಿದ ನಿರ್ದೇಶನ. ಆಗ ಅದು ಶಾಸನವಾಗಿರಲಿಲ್ಲ. ಗವರ್ನರ್ ನೇಮಿಸಿದ ಹೊಸ ಅಟಾರ್ನಿ ಜನರಲ್ ಒಂದು ಕಾಗದದಿಂದ ಅದನ್ನು ತೆಗೆಯಬಹುದಿತ್ತು. ಹಾಗಾಗಿ ಮೊದಲ ದಿನವೇ ತೆಗೆಯುತ್ತೇನೆ ಎಂಬ ಚಿಟರೆಲ್ಲಿ ಮಾತು ನಿಜವಾಗಿಯೂ ಮೊದಲ ದಿನ ಆಗಬಲ್ಲದ್ದಾಗಿತ್ತು. ಗರ್ಭಪಾತದ ಹಕ್ಕು ಹಾಗಲ್ಲ. 2022ರ ಜನವರಿಯಿಂದ ಅದು ಶಾಸನ. ಚಿಟರೆಲ್ಲಿ ಬಯಸಿದ 20 ವಾರದ ಮಿತಿಗೂ ಶಾಸಕಾಂಗ ಬೇಕಿತ್ತು, ಗರ್ಭಪಾತದ ಹಕ್ಕನ್ನು ರಾಜ್ಯ ಸಂವಿಧಾನಕ್ಕೆ ಸೇರಿಸುವ ಶೆರಿಲ್ ಇಚ್ಛೆಗೆ ಶಾಸಕಾಂಗ ಮತ್ತು ಜನಮತ ಎರಡೂ ಬೇಕು.

ನಮ್ಮವರು ಹೆಚ್ಚು ಕೇಳುವ ಪ್ರಶ್ನೆ ಎಚ್-1ಬಿ ಕುರಿತು. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳಿಗೆ ಬಂದ 1,00,000 ಡಾಲರ್ ಶುಲ್ಕವಾಗಲಿ, ಗ್ರೀನ್ ಕಾರ್ಡ್ ಸರದಿಯಾಗಲಿ ಗವರ್ನರ್ ವ್ಯಾಪ್ತಿಗೆ ಬರುವುದಿಲ್ಲ. ಈ ವಿಷಯದಲ್ಲಿ ಯಾವ ಗವರ್ನರ್ ಅಭ್ಯರ್ಥಿ ಎಷ್ಟು ಸಿಹಿಯಾಗಿ ಮಾತಾಡಿದರೂ ಹೋಲಿಕೆಯಲ್ಲಿ ಅದಕ್ಕೆ ಅಂಕ ಕೊಡಬೇಡಿ.

ಜಾಹೀರಾತಿನಲ್ಲಿ ಬಂದ ‘ನಿಲುವು’

ಚುನಾವಣೆಯ ಕೊನೆಯ ವಾರಗಳಲ್ಲಿ ಶೆರಿಲ್ ಮಾರಾಟ ತೆರಿಗೆಯನ್ನು 10 ಶೇಕಡಾಕ್ಕೆ ಏರಿಸುತ್ತಾರೆ ಎಂಬ ಮಾತು ಎದುರಾಳಿ ಕಡೆಯಿಂದ ಜೋರಾಗಿ ಓಡಾಡಿತು. ಆಗಿನ ದರ 6.625. ಅವರ ಯೋಜನೆಯಲ್ಲಿ ಅಂಥ ಅಂಕಿಯೇ ಇರಲಿಲ್ಲ. ಮಾರಾಟ ತೆರಿಗೆ ಏರಿಸುವುದಿಲ್ಲವೆಂದು ಆಣೆ ಮಾಡಲು ಅವರು ಹಿಂದೇಟು ಹಾಕಿದ್ದು ಎದುರಾಳಿಯ ಕೈಯಲ್ಲಿ ಯೋಜನೆಯಾಗಿ ಬದಲಾಯಿತು. ಹಾಗೆಂದು ಹಿಂದೇಟು ಹಾಕಿದ್ದು ಲೆಕ್ಕಕ್ಕಿಲ್ಲವೆಂದಲ್ಲ. ಹಣದ ಮೂಲ ಹೇಳದ ಅಭ್ಯರ್ಥಿಗೆ ಹೋಲಿಕೆಯಲ್ಲಿ ಒಂದು ಅಂಕ ಕಳೆಯಿರಿ, ಆದರೆ ಎದುರಾಳಿ ಹೇಳಿದ ಅಂಕಿಯನ್ನು ಅವರ ಹೆಸರಿಗೆ ಬರೆಯಬೇಡಿ.

ನಿಲುವು ತಿಳಿಯಲು ವೆಬ್‌ಸೈಟಿನ ‘ಇಶ್ಯೂಸ್’ ಪುಟ ಸಾಲದು. ಚಿಟರೆಲ್ಲಿ ಅಸೆಂಬ್ಲಿಯಲ್ಲಿದ್ದಾಗ ಹಾಕಿದ ಮತಗಳು ರಾಜ್ಯ ಶಾಸಕಾಂಗದ ದಾಖಲೆಯಲ್ಲಿವೆ, ಶೆರಿಲ್ ಮತಗಳು ಕಾಂಗ್ರೆಸ್ ದಾಖಲೆಯಲ್ಲಿವೆ. ಹಿಂದಿನ ಚುನಾವಣೆಯಲ್ಲಿ ಆಡಿದ ಮಾತನ್ನೂ ನೋಡಿ. ಟ್ರಂಪ್ ಬಗ್ಗೆ 2015ರಲ್ಲಿ ಕಟುವಾಗಿ ಮಾತಾಡಿದ್ದ ಚಿಟರೆಲ್ಲಿ 2025ರಲ್ಲಿ ಅವರ ಆಡಳಿತಕ್ಕೆ ‘ಎ’ ದರ್ಜೆ ಕೊಟ್ಟರು. ಬದಲಾಗುವುದು ತಪ್ಪಲ್ಲ, ಯಾಕೆ ಬದಲಾದರೆಂದು ಹೇಳಿದ್ದಾರೆಯೇ ಎಂಬುದು ಮುಖ್ಯ. ನ್ಯೂಜೆರ್ಸಿಯಲ್ಲಿ ಒಂದು ಅನುಕೂಲವಿದೆ: ಪ್ರಚಾರಕ್ಕೆ, ಸಂಗ್ರಹಿಸಿದ ದೇಣಿಗೆಗೆ ಹೊಂದಿಸಿ ಸರ್ಕಾರ ಕೊಡುವ ನಿಧಿಯನ್ನು ಪಡೆದ ಅಭ್ಯರ್ಥಿಗಳು ಚರ್ಚೆಗಳಲ್ಲಿ ಭಾಗವಹಿಸಲೇಬೇಕು. ಪೂರ್ತಿ ಚರ್ಚೆ ನೋಡಿ, ತುಣುಕುಗಳನ್ನಲ್ಲ.

ನಿಮ್ಮ ರಾಜ್ಯಕ್ಕೆ ಇದನ್ನು ಒಗ್ಗಿಸುವಾಗ

ಜಾರ್ಜಿಯಾದಲ್ಲಿ ಕರೆಂಟ್ ದರ ತೀರ್ಮಾನಿಸುವ ಐದು ಸದಸ್ಯರ ಆಯೋಗವನ್ನು ಜನರೇ ಆರಿಸುತ್ತಾರೆ. 2025ರ ನವೆಂಬರಿನಲ್ಲಿ ಅದರ ಎರಡು ಸ್ಥಾನಗಳು ಡೆಮಾಕ್ರಟರ ಪಾಲಾದವು. ಹಾಗಾಗಿ ಅಲ್ಲಿ ಬಿಲ್ಲಿನ ಚಿಂತೆಯಿರುವವರು ಗವರ್ನರ್ ಹೆಸರಿಗಿಂತ ಮತಪತ್ರದ ಕೆಳಗಿನ ಆ ಸಾಲನ್ನು ಮೊದಲು ಓದಬೇಕು. ಟೆಕ್ಸಸ್‌ನಲ್ಲಿ ಅಟಾರ್ನಿ ಜನರಲ್, ಕಂಪ್ಟ್ರೋಲರ್ (ರಾಜ್ಯದ ತೆರಿಗೆ, ಲೆಕ್ಕಪತ್ರದ ಮುಖ್ಯಸ್ಥರು) ಬೇರೆಯಾಗಿ ಆಯ್ಕೆಯಾಗುತ್ತಾರೆ, ಶಾಸಕಾಂಗದ ನಿಯತ ಅಧಿವೇಶನ ಬೆಸ ಸಂಖ್ಯೆಯ ವರ್ಷಗಳಲ್ಲಿ 140 ದಿನ ಮಾತ್ರ. ಮನೆಯೊಡೆಯರ ಶಾಲಾ ಆಸ್ತಿ ತೆರಿಗೆಯನ್ನೇ ತೆಗೆಯುವ ಗವರ್ನರ್ ಗ್ರೆಗ್ ಅಬಾಟ್ ಪ್ರಸ್ತಾಪ ಸಂವಿಧಾನಕ್ಕೆ ಸೇರಬೇಕಾದರೆ ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗದ ಮತ ಮತ್ತು ಜನಮತ ಬೇಕು. ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್ ಆಯೋಗವನ್ನು ಗವರ್ನರ್ ನೇಮಿಸುತ್ತಾರೆ, ಆದ್ದರಿಂದ ಅಲ್ಲಿ ನ್ಯೂಜೆರ್ಸಿಯದೇ ಪ್ರಶ್ನೆ ಕೇಳಬಹುದು. ಜೂನ್ ಪ್ರೈಮರಿಯಲ್ಲಿ, ಅಂದರೆ ಮೊದಲ ಸುತ್ತಿನ ಮತದಾನದಲ್ಲಿ ಮೊದಲ ಎರಡು ಸ್ಥಾನ ಪಡೆದವರು ಮಾತ್ರ, ಯಾವ ಪಕ್ಷದವರಾದರೂ ಸರಿ, ಅಲ್ಲಿ ನವೆಂಬರಿಗೆ ಹೋಗುತ್ತಾರೆ ಎಂಬುದೂ ನೆನಪಿರಲಿ.

ನೋಂದಣಿಯ ಗಡುವು ರಾಜ್ಯಕ್ಕೊಂದು ಥರ: ನ್ಯೂಜೆರ್ಸಿಯಲ್ಲಿ ಮತದಾನಕ್ಕೆ 21 ದಿನ ಮುಂಚೆ, ಟೆಕ್ಸಸ್‌ನಲ್ಲಿ 30 ದಿನ ಮುಂಚೆ, ಮಿಶಿಗನ್ ಮತ್ತು ಇಲಿನಾಯ್‌ನಲ್ಲಿ ಮತದಾನದ ದಿನವೂ ಆಗುತ್ತದೆ. ಮತ ಹಾಕಲು ಅಮೆರಿಕದ ಪೌರತ್ವ ಬೇಕು, ಗ್ರೀನ್ ಕಾರ್ಡ್ ಸಾಲದು. ನ್ಯೂಜೆರ್ಸಿಯೂ ಸೇರಿ ಹಲವು ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗಲೇ ಮತದಾರರ ನೋಂದಣಿಯ ಪ್ರಶ್ನೆ ಪರದೆಯ ಮೇಲೆ ಬರುತ್ತದೆ. ಅವಸರದಲ್ಲಿ ಪೌರ ಎಂದು ಗುರುತು ಹಾಕಿದರೆ ಅದು ಪೌರತ್ವದ ಸುಳ್ಳು ಹೇಳಿಕೆಯಾಗಿ ದಾಖಲಾಗಿ, ಮುಂದೆ ಪೌರತ್ವದ ಅರ್ಜಿ ಹಾಕಿದಾಗ ಎದುರು ಬರುತ್ತದೆ, ಗಡೀಪಾರಿನವರೆಗೂ ಎಳೆಯಬಹುದು. ಗ್ರೀನ್ ಕಾರ್ಡ್ ಅಥವಾ ವೀಸಾದಲ್ಲಿರುವವರು ಆ ಪ್ರಶ್ನೆಗೆ ‘ಇಲ್ಲ’ ಎಂದೇ ಉತ್ತರಿಸಿ. ಕೈತಪ್ಪಿ ‘ಹೌದು’ ಆಗಿದ್ದರೆ ಮತ ಹಾಕದೆ, ಮೊದಲು ವಲಸೆ ವಕೀಲರನ್ನು ಕಂಡು ಅವರ ಸಲಹೆಯಂತೆ ಹೆಸರು ತೆಗೆಸಿ.